ನೀವು ಮಾಡಿದ್ದನ್ನು ಬರೆಯಿರಿ

ಜೈನಾಪುರದ ತಮ್ಮಂದಿರೇ, ತಂಗಿಯರೇ,

ಇಂಟರ್ನ್‌ಶಿಪ್ಪಿಗೆ ರೆಸ್ಯೂಮೆ ಬೇಕು ಅಂತ ಕಾಲೇಜಿನಲ್ಲಿ ಹೇಳಿದ ಕೂಡಲೇ ನಮ್ಮ ಹುಡುಗರು ಆಡುವ ಮೊದಲ ಮಾತು ಒಂದೇ: "ಬರ್ಯಾಕ ನಂದೇನೈತ್ರಿ ಕಾಕಾ?" ಈ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಮನೆಗಳ ಹುಡುಗರು, ಹುಡುಗಿಯರು ಹೀಗೆ ಕೇಳಿದ್ದಾರೆ. ಕೂಡಿಸಿಕೊಂಡು ಒಂದು ತಾಸು ಮಾತಾಡಿದರೆ, ಬರೆಯಬೇಕಾದ್ದು ಒಬ್ಬೊಬ್ಬರಲ್ಲೂ ಹಾಳೆ ತುಂಬುವಷ್ಟು ಸಿಗುತ್ತದೆ. ಅದು ಬರೆಯುವ ಯೋಗ್ಯತೆಯದು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ನನ್ನದೇನೂ ಇಲ್ಲ ಅಂತ ನಂಬಿದವರು ಏನು ಮಾಡುತ್ತಾರೆ? ವಿಜಯಪುರಕ್ಕೆ ಹೋದಾಗ ಯಾವುದೋ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾರೆ. ಅಲ್ಲಿನ ಕಂಪ್ಯೂಟರಿನಲ್ಲಿ ಹಿಂದೆ ಯಾರೋ ಮಾಡಿಸಿದ ಫೈಲ್ ಇರುತ್ತದೆ. ಹೆಸರು, ಊರು, ಮಾರ್ಕ್ಸು ಬದಲಾಗುತ್ತವೆ, ಉಳಿದದ್ದೆಲ್ಲ ಹಾಗೇ ಇರುತ್ತದೆ. ಮೇಲೆ 'ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಬೆಳವಣಿಗೆಗೆ ಕಾರಣನಾಗುವುದು ನನ್ನ ಗುರಿ' ಎಂಬರ್ಥದ ಇಂಗ್ಲಿಷ್ ವಾಕ್ಯ. ನಡುವೆ 'ಕಷ್ಟಪಟ್ಟು ದುಡಿಯುವವನು, ಪ್ರಾಮಾಣಿಕ, ಬೇಗ ಕಲಿಯುವವನು'. ಹವ್ಯಾಸ ಕ್ರಿಕೆಟ್ಟು, ಹಾಡು ಕೇಳುವುದು. ಕೊನೆಗೆ 'ಮೇಲಿನದೆಲ್ಲ ಸತ್ಯ' ಎಂಬ ಘೋಷಣೆ, ಸಹಿ. ಆ ಹಾಳೆಯಲ್ಲಿ ನಿಮ್ಮ ಹೆಸರನ್ನು ಬೆರಳಿನಿಂದ ಮುಚ್ಚಿ ನೋಡಿ. ಉಳಿದದ್ದನ್ನು ಓದಿದರೆ ಅದು ನಿಮ್ಮದೋ ಪಕ್ಕದ ಮನೆಯವನದೋ ಗೊತ್ತಾಗುವುದಿಲ್ಲ. ಓದುವವರ ಮುಂದೆ ಅಂಥವು ನೂರು ಬಿದ್ದಿರುತ್ತವೆ. ಒಂದೊಂದಕ್ಕೆ ಅವರು ಕೊಡುವ ಹೊತ್ತು ಬಹಳ ಕಡಿಮೆ. ಅಷ್ಟು ಹೊತ್ತಿನಲ್ಲಿ ಅವರಿಗೆ ಬೇಕಾದ್ದು ಒಂದೇ: ಈ ಹುಡುಗ, ಈ ಹುಡುಗಿ ಇಲ್ಲಿಯವರೆಗೆ ಏನು ಮಾಡಿದ್ದಾರೆ?

ಹಾಗಾದರೆ ನೀವು ಏನು ಮಾಡಿದ್ದೀರಿ? ನಮ್ಮ ನೆಲದಿಂದಲೇ ಶುರು ಮಾಡೋಣ.

ತಿಕೋಟಾ ಭಾಗ ದ್ರಾಕ್ಷಿಯ ನಾಡು. ನಮ್ಮ ಎಷ್ಟೋ ಮಕ್ಕಳು ಬೇಸಿಗೆ ರಜೆಯನ್ನು ಒಣದ್ರಾಕ್ಷಿ ಶೆಡ್ಡಿನಲ್ಲಿ ಕಳೆಯುತ್ತಾರೆ, ಮನೆಯದು ಇಲ್ಲದಿದ್ದರೆ ಬೀಗರದೋ ನೆರೆಯವರದೋ ಇರುತ್ತದೆ. ಅಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆ ಬಾಯಿಪಾಠ. ಹಣ್ಣಿನ ಸಕ್ಕರೆ ಅಂಶವನ್ನು ಬ್ರಿಕ್ಸ್ ಮೀಟರಿನಲ್ಲಿ ನೋಡುತ್ತೀರಿ. ಪೊಟ್ಯಾಷಿಯಂ ಕಾರ್ಬೋನೇಟು, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಗೊಂಚಲು ಅದ್ದುತ್ತೀರಿ. ಅದ್ದುವುದು ಯಾಕೆ ಅಂದರೆ ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲಾಗಿ ನೀರು ಬೇಗ ಆರಲಿ ಅಂತ. ಶೆಡ್ಡಿನ ನೆರಳಲ್ಲಿ ಜಾಳಿಗೆಯ ಮೇಲೆ ಹರವಿ, ಒಣಗಿದ ಮೇಲೆ ಉದುರಿಸಿ, ಬಣ್ಣ ಗಾತ್ರ ನೋಡಿ ಗ್ರೇಡ್ ಮಾಡುತ್ತೀರಿ. ಸುಮಾರು 4 ಕಿಲೋ ಹಣ್ಣು ಒಣಗಿದರೆ 1 ಕಿಲೋ ಒಣದ್ರಾಕ್ಷಿ. ಮಾಲು ವಿಜಯಪುರದ ಎಪಿಎಂಸಿಗೆ ಹೋಗಬೇಕೋ, ಗಡಿ ದಾಟಿ ತಾಸಗಾವ್–ಸಾಂಗ್ಲಿಗೆ ಹೋಗಬೇಕೋ ಎಂಬ ಮಾತು ಮನೆಯಲ್ಲಿ ನಡೆಯುವಾಗ ದರ ನೋಡಿ ಹೇಳುವವರು ನೀವೇ, ಫೋನು ನಿಮ್ಮ ಕೈಯಲ್ಲಿರುತ್ತದಲ್ಲ.

ಇಷ್ಟೆಲ್ಲ ಮಾಡಿದ ಹುಡುಗ ರೆಸ್ಯೂಮೆಯಲ್ಲಿ 'ಕೃಷಿಯಲ್ಲಿ ಆಸಕ್ತಿ ಇದೆ' ಅಂತ ಮೂರು ಪದ ಬರೆದು ಮುಗಿಸಿದರೆ ನನಗೆ ಸಂಕಟವಾಗುತ್ತದೆ. ಅದನ್ನೇ ಹೀಗೆ ಬರೆದು ನೋಡಿ: 'ಮನೆಯ ಒಣದ್ರಾಕ್ಷಿ ಶೆಡ್ಡಿನಲ್ಲಿ 2 ಹಂಗಾಮು ಕೆಲಸ. ಪ್ರತಿ ಬ್ಯಾಚಿನ ಬ್ರಿಕ್ಸ್ ಮತ್ತು ಒಣಗಿದ ದಿನಗಳನ್ನು ಎಕ್ಸೆಲ್‌ನಲ್ಲಿ ದಾಖಲಿಸಿದ್ದೇನೆ. 12 ಜನ ಕೂಲಿಯವರ ಹಾಜರಿ, ಬಟವಾಡೆ, ಗ್ರೇಡ್‌ವಾರು ಮಾರಾಟದ ಲೆಕ್ಕ ಇಟ್ಟಿದ್ದೇನೆ.' ಇಲ್ಲಿರುವ ಅಂಕಿಗಳು ತೋರಿಸುವುದಕ್ಕೆ ಮಾತ್ರ, ನಿಮ್ಮ ಹಾಳೆಯಲ್ಲಿ ನಿಮ್ಮ ಮನೆಯ ನಿಜವಾದ ಅಂಕಿಯೇ ಬರಬೇಕು. ಬಿ.ಎಸ್‌ಸಿ ಅಗ್ರಿ ಓದುವವನು ಇದನ್ನು ಬರೆದರೆ ಆಹಾರ ಸಂಸ್ಕರಣೆಯ ಕಂಪನಿಯವರು ಕಣ್ಣು ನಿಲ್ಲಿಸುತ್ತಾರೆ. ಬಿ.ಕಾಂ ಹುಡುಗ ಬರೆದರೆ ಲೆಕ್ಕಪತ್ರದವರು ನಿಲ್ಲಿಸುತ್ತಾರೆ. ಕೆಲಸ ಒಂದೇ, ಯಾರಿಗೆ ಕಳಿಸುತ್ತೀರೋ ಅವರಿಗೆ ಬೇಕಾದ ಮಗ್ಗುಲನ್ನು ಮುಂದಿಡಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಶುರುವಾದ ಮೇಲೆ ನಮ್ಮ ಭಾಗದ ಎಷ್ಟೋ ಮನೆಗಳಿಂದ ಮೊದಲ ಸಲ ಒಬ್ಬಳು ಮಗಳು ಎಂ.ಎ., ಎಂ.ಕಾಂ. ಅಂತ ಓದಿದಳು. ಆದರೂ ರೆಸ್ಯೂಮೆಯ ಅನುಭವದ ಜಾಗದಲ್ಲಿ 'ಇಲ್ಲ' ಅಂತ ಬರೆಯುವವರಲ್ಲಿ ನಿಮ್ಮ ಸಂಖ್ಯೆಯೇ ಹೆಚ್ಚು. ಅವ್ವನ ಸ್ವಸಹಾಯ ಸಂಘದ ಪುಸ್ತಕ ಬರೆಯುವವಳು ಯಾರು? ವಾರದ ಉಳಿತಾಯ, ಯಾರಿಗೆ ಎಷ್ಟು ಸಾಲ, ಎಷ್ಟು ಕಂತು ಬಂತು, ಬಡ್ಡಿ ಎಷ್ಟು, ಬ್ಯಾಂಕಿನ ಪಾಸ್‌ಬುಕ್ಕಿಗೂ ಸಂಘದ ಪುಸ್ತಕಕ್ಕೂ ತಾಳೆಯಾಗುತ್ತದೋ ಇಲ್ಲವೋ ಅಂತ ನೋಡುವವಳು ನೀನೇ ಅಲ್ಲವೇನವ್ವಾ? ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ಬ್ಯಾಂಕ್ ಸಮನ್ವಯ ಪಟ್ಟಿ ಅಂತ ಒಂದು ಅಧ್ಯಾಯ ಇದೆ. ಅದನ್ನು ಹದಿನೆಂಟು ಹೆಣ್ಣುಮಕ್ಕಳ ನಿಜವಾದ ದುಡ್ಡಿನ ಮೇಲೆ ಮಾಡಿದವಳಿಗೆ ಅನುಭವ ಇಲ್ಲ ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಬರೆ: 'ಸ್ವಸಹಾಯ ಸಂಘದ ನಡಾವಳಿ ಪುಸ್ತಕ, ಉಳಿತಾಯ ಮತ್ತು ಸಾಲದ ಖಾತೆಗಳ ನಿರ್ವಹಣೆ', ಯಾವ ವರ್ಷದಿಂದ, ಎಷ್ಟು ಸದಸ್ಯರು ಎಂಬುದರ ಸಹಿತ.

ಹಾಗೆಯೇ ಭಾಷೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು: ವಿಜಯಪುರ ಸೀಮೆಯ ಹುಡುಗನಿಗೆ ಇದು ನಿತ್ಯದ ಮಾತು. ಬೇರೆ ಊರಿನವರಿಗೆ ಇದು ದುಡ್ಡು ಕೊಟ್ಟು ಪಡೆಯಬೇಕಾದ ಸಾಮರ್ಥ್ಯ. ಸರ್ವೆ ಮಾಡಿಸುವವರಿಗೆ, ಆಸ್ಪತ್ರೆಯವರಿಗೆ, ಬ್ಯಾಂಕಿನವರಿಗೆ, ಪತ್ರಿಕೆಯವರಿಗೆ ಇಂಥ ಹುಡುಗರು ಬೇಕು. ಯಾವುದನ್ನು ಓದಿ ಬರೆಯಬಲ್ಲಿರಿ, ಯಾವುದನ್ನು ಮಾತಾಡಬಲ್ಲಿರಿ ಅಷ್ಟೆ, ಅದನ್ನು ಬೇರೆ ಬೇರೆಯಾಗಿ ಬರೆಯಿರಿ. ಕನ್ನಡ ಮಾಧ್ಯಮದಲ್ಲಿ ಓದಿದೆ ಎಂಬುದನ್ನು ಮುಚ್ಚಿಡುವ ಮಕ್ಕಳನ್ನು ಕಂಡಿದ್ದೇನೆ. ಅದರಲ್ಲಿ ಮುಚ್ಚುವಂಥದ್ದು ಏನೂ ಇಲ್ಲ.

ಇನ್ನು ಬರೆಯುವ ರೀತಿಯ ಮಾತು. ವಿಜಯಪುರದ ಇಂಜಿನಿಯರಿಂಗ್ ಕಾಲೇಜಿನ ಹೆಸರಿನಲ್ಲಿ ಡಾ. ಫ.ಗು. ಹಳಕಟ್ಟಿ ಅಂತ ಇದೆ. ಅಲ್ಲಿ ಓದುವ ನೀವು ಆ ಹೆಸರನ್ನು ದಿನಾ ಬೋರ್ಡಿನ ಮೇಲೆ ನೋಡುತ್ತೀರಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರಕ್ಕೆ ವಕೀಲಿಕೆ ಮಾಡಲು ಬಂದವರು ಅವರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದರು. ಊರೂರು ತಿರುಗಿ ತಾಳೆಗರಿ ಹುಡುಕಿ ವಚನಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಹೊರತಂದರು. ಅಚ್ಚು ಹಾಕಿಸುವುದು ಕಷ್ಟವಾದಾಗ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತಾವೇ ಹಾಕಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಶುರುಮಾಡಿದರು. ಮುದ್ರಣಾಲಯಕ್ಕಾಗಿ ಮನೆಯನ್ನೂ ಮಾರಿದರು. ಇಷ್ಟು ಹೇಳುವಾಗ ನಾನು 'ಹಳಕಟ್ಟಿಯವರು ಪರಿಶ್ರಮಿ, ಸಾಹಿತ್ಯದಲ್ಲಿ ಅಪಾರ ಆಸಕ್ತಿ ಇತ್ತು' ಅಂತ ಒಂದು ಸಲವೂ ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ಕಟ್ಟಿದರು, ಹುಡುಕಿದರು, ಅಚ್ಚು ಹಾಕಿದರು, ಮಾರಿದರು: ಕ್ರಿಯಾಪದ ಮತ್ತು ಇಸವಿ ಸಾಕಾದವು. ಇಪ್ಪತ್ತು ವರ್ಷದ ನಿಮ್ಮ ಬದುಕಿಗೂ ಬರೆಯುವ ದಾರಿ ಇದೇ. ಪ್ರತಿ ಸಾಲೂ ನೀವು ಮಾಡಿದ ಒಂದು ಕೆಲಸದಿಂದ ಶುರುವಾಗಲಿ. ಇಂಗ್ಲಿಷಿನಲ್ಲಿ ಬರೆಯುವಾಗ ದೊಡ್ಡ ಪದ ಬೇಡ, ಬಿಲ್ಟ್, ಟೆಸ್ಟೆಡ್, ಮೆಂಟೇನ್ಡ್, ಟಾಟ್ ಇಂಥವು ಸಾಕು. ನೀವೇ ಬಾಯಿಬಿಟ್ಟು ವಿವರಿಸಲಾರದ ಪದ ನಿಮ್ಮ ಹಾಳೆಯಲ್ಲಿ ಇರಬಾರದು.

ಇಂಜಿನಿಯರಿಂಗ್ ಮಕ್ಕಳ ಪ್ರಾಜೆಕ್ಟಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ವಿಟಿಯುದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ, ರೆಸ್ಯೂಮೆಯ ತೂಕವೆಲ್ಲ ಪ್ರಾಜೆಕ್ಟಿನ ಮೇಲೇ ಇರುತ್ತದೆ. ಮಣ್ಣಿನ ತೇವ ನೋಡಿ ಪಂಪು ತಾನೇ ಚಾಲೂ ಆಗುವ ಪ್ರಾಜೆಕ್ಟನ್ನು ರಾಜ್ಯದ ಎಷ್ಟೋ ಕಾಲೇಜುಗಳಲ್ಲಿ ಮಾಡುತ್ತಾರೆ. 'ಆರ್ಡುಯಿನೊ ಬಳಸಿ ಸ್ಮಾರ್ಟ್ ನೀರಾವರಿ' ಅಂತ ಒಂದು ಸಾಲು ಬರೆದರೆ ಅದು ನಿಮ್ಮದು ಅಂತ ಹೇಗೆ ಗೊತ್ತಾಗಬೇಕು? ಆದರೆ ನೀವು ಅದನ್ನು ಮನೆಯ ಹೊಲಕ್ಕೆ ಒಯ್ದು ಹೂಳಿ ನೋಡಿದ್ದರೆ ಕಥೆಯೇ ಬೇರೆ. ನಮ್ಮದು ಎರೆ ಭೂಮಿ. ಒಣಗಿದರೆ ಬಿರಿಯುತ್ತದೆ. ಬಿರಿದ ಕಡೆ ಸೆನ್ಸರಿಗೂ ಮಣ್ಣಿಗೂ ನಡುವೆ ಗಾಳಿ ಕೂತು ಅಳತೆ ತಪ್ಪುತ್ತದೆ. ಮೇಲಾಗಿ ಮಣ್ಣು ಒಣಗಿದ ಹೊತ್ತಿಗೇ ತ್ರೀ ಫೇಸ್ ಕರೆಂಟು ಇರುತ್ತದೆ ಅಂತ ಹೇಳಲಾಗದು, ಕರೆಂಟು ಬಂದಾಗ ಮಾತ್ರ ಪಂಪು ಓಡಬೇಕು. ಈ ಎರಡು ತೊಡಕು ನಿಮಗೆ ಎದುರಾಗಿ, ಅವಕ್ಕೆ ನೀವು ಏನೋ ಒಂದು ಉಪಾಯ ಮಾಡಿದ್ದರೆ ಅದನ್ನೇ ಬರೆಯಿರಿ. ಉಪಾಯ ಅರ್ಧ ಫಲಿಸಿದ್ದರೆ ಅರ್ಧ ಫಲಿಸಿತು ಅಂತಲೇ ಬರೆಯಿರಿ. ಸಂದರ್ಶನದಲ್ಲಿ ಕೂತವರು ಇಂಥ ಸಾಲನ್ನು ಹಿಡಿದೇ ಮಾತು ಶುರುಮಾಡುತ್ತಾರೆ, ಆಗ ನಿಮಗೆ ಗೊತ್ತಿರುವ ಹೊಲದ ಮೇಲೆಯೇ ಮಾತು ನಡೆಯುತ್ತದೆ.

ನಾಲ್ಕು ಜನ ಕೂಡಿ ಮಾಡಿದ ಪ್ರಾಜೆಕ್ಟಾದರೆ ನಿಮ್ಮ ಪಾಲು ಯಾವುದು ಅಂತ ಬಿಡಿಸಿ ಹೇಳಿ. ಕೋಡ್ ಬರೆದವನು ಗೆಳೆಯ, ವರದಿ ತಯಾರಿಸಿ ಮಂಡಿಸಿದವರು ನೀವು ಅಂದರೆ ಅದೇ ಇರಲಿ. ವರದಿ ಬರೆಯಲು ಬರುವವರೂ ಜಗತ್ತಿಗೆ ಬೇಕು.

ಕೇಳುವವರಿಗೆ ಬೇಕಾದ ಮಗ್ಗುಲನ್ನು ಮುಂದಿಡಿ ಅಂದೆನಲ್ಲ, ಅದಕ್ಕೊಂದು ಹಳೆಯ ಉದಾಹರಣೆ. ಲಿಯೊನಾರ್ಡೊ ಡ ವಿಂಚಿಯ ಹೆಸರು ನೀವು ಚಿತ್ರಕಾರ ಅಂತ ಕೇಳಿದ್ದೀರಿ. 1482ರ ಸುಮಾರಿಗೆ, ಮೂವತ್ತರ ವಯಸ್ಸಿನಲ್ಲಿ, ಆತ ಮಿಲಾನನ್ನು ಆಳುತ್ತಿದ್ದ ಲುದೊವಿಕೊ ಸ್ಫೋರ್ಜಾನ ಬಳಿ ಕೆಲಸ ಕೇಳಿ ಒಂದು ಪತ್ರ ಸಿದ್ಧಮಾಡಿದ. ಅದರ ಕರಡು ಇವತ್ತಿಗೂ ಉಳಿದಿದೆ. ಆ ಪತ್ರದ ತುಂಬ ಹಗುರ ಸೇತುವೆ ಕಟ್ಟುವುದು, ಕೋಟೆಯ ಕಂದಕದ ನೀರು ತೆಗೆಯುವುದು, ತೋಪು, ಯುದ್ಧದ ಬಂಡಿ ಇಂಥವೇ. ಚಿತ್ರ ಬರೆಯಬಲ್ಲೆ ಎಂಬ ಮಾತು ಬರುವುದು ಕೊನೆಗೆ. ಯುದ್ಧದ ಕಾಲದಲ್ಲಿ ಆಳುವವನಿಗೆ ಬೇಕಾದ್ದು ಸೇತುವೆ ಮತ್ತು ತೋಪು ಅಂತ ಆತನಿಗೆ ಗೊತ್ತಿತ್ತು. ಒಂದೇ ರೆಸ್ಯೂಮೆಯನ್ನು ಐವತ್ತು ಕಡೆ ಕಳಿಸಿ, ಒಂದೂ ಉತ್ತರ ಬರಲಿಲ್ಲ ಅಂತ ಕೂರುವ ಹುಡುಗರಿಗೆ ಈ ಪತ್ರದ ವಿಷಯ ಹೇಳುತ್ತಿರುತ್ತೇನೆ. ಕಂಪನಿಯವರು ಹಾಕಿದ ಜಾಹೀರಾತನ್ನು ಎರಡು ಸಲ ಓದಿ. ಅವರು ಕೇಳಿದ್ದರಲ್ಲಿ ನಿಮಗೆ ನಿಜವಾಗಿ ಬರುವುದು ಯಾವುದು ಅಂತ ಗೆರೆ ಎಳೆಯಿರಿ. ಅದು ನಿಮ್ಮ ಹಾಳೆಯ ಮೇಲಿನ ಅರ್ಧದಲ್ಲಿ ಬರಲಿ. ಅವರು ಬಳಸಿದ ಪದವನ್ನೇ ನೀವೂ ಬಳಸಿ, ಏಕೆಂದರೆ ಎಷ್ಟೋ ದೊಡ್ಡ ಕಂಪನಿಗಳಲ್ಲಿ ಮೊದಲು ಓದುವುದು ಮನುಷ್ಯರಲ್ಲ, ಪದ ಹುಡುಕುವ ಸಾಫ್ಟ್‌ವೇರು. ಅದೇ ಕಾರಣಕ್ಕೆ ಬಣ್ಣದ ಡಬ್ಬಿ, ಕೋಷ್ಟಕ, ಎರಡು ಕಾಲಮ್ಮು, ಅಲಂಕಾರದ ಚಿತ್ರ ಬೇಡ. ಸಾಫ್ಟ್‌ವೇರು ಅವುಗಳಲ್ಲಿ ಎಡವುತ್ತದೆ.

ಹಾಳೆ ಒಂದೇ ಇರಲಿ. ಇನ್ನೂ ಕಾಲೇಜಿನಲ್ಲಿ ಓದುತ್ತಿರುವವರಿಗೆ ಎರಡನೆಯ ಹಾಳೆ ಬೇಕಾಗುವುದಿಲ್ಲ. ಮೇಲೆ ಹೆಸರು, ಫೋನು, ಇಮೇಲು, ಊರು. ಇಮೇಲಿನ ವಿಳಾಸ ನಿಮ್ಮ ಹೆಸರಿನದೇ ಇರಲಿ, ಹೈಸ್ಕೂಲಿನಲ್ಲಿ ಗೆಳೆಯರು ಇಟ್ಟ ಅಡ್ಡಹೆಸರಿನದು ಬೇಡ. ಓದನ್ನು ಈಗಿನದರಿಂದ ಹಿಂದಕ್ಕೆ ಬರೆಯಿರಿ: ಡಿಗ್ರಿ, ಪಿಯುಸಿ, ಎಸ್ಸೆಸ್ಸೆಲ್ಸಿ. ಆಮೇಲೆ ಪ್ರಾಜೆಕ್ಟು, ಕೆಲಸದ ಅನುಭವ, ಬರುವ ಸಾಫ್ಟ್‌ವೇರುಗಳು, ಭಾಷೆ. ಮದುವೆಗೆ ಕಳಿಸುವ ಬಯೋಡೇಟಾದಲ್ಲಿ ಇರುವ ಜಾತಿ, ಧರ್ಮ, ತಂದೆಯ ಉದ್ಯೋಗ, ಎತ್ತರ, ಮದುವೆ ಆಗಿದೆಯೋ ಇಲ್ಲವೋ ಇವೆಲ್ಲಕ್ಕೂ ಕಂಪನಿಗೆ ಕಳಿಸುವ ಹಾಳೆಗೂ ಸಂಬಂಧವಿಲ್ಲ. ಸರ್ಕಾರಿ ಅರ್ಜಿಯಲ್ಲಿ ಕೇಳಿದರೆ ಅಲ್ಲಿ ತುಂಬಿ, ಇಲ್ಲಿ ಬೇಡ. ಆಧಾರ್ ನಂಬರನ್ನು ರೆಸ್ಯೂಮೆಯಲ್ಲಿ ಎಂದೂ ಹಾಕಬೇಡಿ. ಆ ಹಾಳೆ ಯಾರ ಯಾರ ಫೋನಿಗೆ ಹೋಗುತ್ತದೋ ನಿಮಗೆ ತಿಳಿಯುವುದಿಲ್ಲ.

ಕನ್ನಡ ಪತ್ರಿಕೆಗೋ, ಕನ್ನಡದಲ್ಲಿ ಕೆಲಸ ಮಾಡುವ ಸಂಸ್ಥೆಗೋ ಕಳಿಸುವುದಾದರೆ ಕನ್ನಡದಲ್ಲೇ ಬರೆಯಿರಿ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿಸಿ ವರ್ಡ್ ಫೈಲ್ ಕಳಿಸಿದರೆ ಆ ಕಡೆಯವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯುನಿಕೋಡ್‌ನಲ್ಲಿ ಟೈಪು ಮಾಡಿ, ಪಿಡಿಎಫ್ ಮಾಡಿ, ಮೊದಲು ಮನೆಯಲ್ಲಿ ಇನ್ನೊಬ್ಬರ ಫೋನಿಗೆ ಕಳಿಸಿ ತೆರೆದು ನೋಡಿ. ಫೈಲಿನ ಹೆಸರು ನಿಮ್ಮ ಹೆಸರೇ ಆಗಿರಲಿ. 'ರೆಸ್ಯೂಮೆ ಫೈನಲ್ 3' ಎಂಬ ಫೈಲನ್ನು ಆ ಕಡೆಯವರು ಆಮೇಲೆ ಹುಡುಕುವುದು ಹೇಗೆ?

ಈಗ ಮುಖ್ಯವಾದ ಒಂದು ಮಾತು. ಸುಳ್ಳು ಬರೆಯಬೇಡಿ. ಸಿಜಿಪಿಎ 6.4 ಇದ್ದದ್ದನ್ನು 7 ಮಾಡುವ ಆಸೆ ಬರುತ್ತದೆ, ಯಾಕೆಂದರೆ ಎಷ್ಟೋ ಕಂಪನಿಗಳು ಒಂದು ಮಿತಿ ಹಾಕಿರುತ್ತವೆ. ಅಂಕಪಟ್ಟಿ ಈಗ ಡಿಜಿಲಾಕರಿನಲ್ಲಿ ಇರುತ್ತದೆ, ಕೇಳಿದ ಎರಡು ನಿಮಿಷದಲ್ಲಿ ತೋರಿಸಬೇಕು. ಸಿಕ್ಕಿಬೀಳುವ ಭಯಕ್ಕಿಂತ ದೊಡ್ಡ ಕಾರಣವೂ ಒಂದಿದೆ. ಒಂದು ಕಂಪನಿ ನಮ್ಮ ಭಾಗದ ಕಾಲೇಜಿನಿಂದ ಮೊದಲ ಸಲ ಒಬ್ಬರನ್ನು ತೆಗೆದುಕೊಂಡಿದ್ದರೆ, ಮರುವರ್ಷ ಅಲ್ಲಿಗೆ ಇನ್ನಿಬ್ಬರು ಹೋಗುವುದು ಆ ಒಬ್ಬರ ನಡತೆಯ ಮೇಲೆ ನಿಂತಿರುತ್ತದೆ. ಬ್ಯಾಕ್‌ಲಾಗ್ ಇದ್ದು ಅವರು ಕೇಳಿದರೆ, ಇದೆ, ಇಂಥ ಸೆಮಿಸ್ಟರಿನಲ್ಲಿ ಬರೆಯುತ್ತೇನೆ ಅಂತ ಹೇಳಿ. ಚಾಟ್‌ಜಿಪಿಟಿಯಂಥವುಗಳಿಂದ ವ್ಯಾಕರಣ ತಿದ್ದಿಸಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ಅವು ನೀವು ಮಾಡದ ಕೆಲಸವನ್ನೂ ಅಂದವಾಗಿ ಸೇರಿಸಿಬಿಡುತ್ತವೆ. ಪ್ರತಿ ಸಾಲನ್ನೂ ಓದಿ, ನಿಮ್ಮದಲ್ಲದ್ದನ್ನು ಅಳಿಸಿ.

ಎಲ್ಲಿಗೆ ಕಳಿಸುವುದು? ಓದುತ್ತಿರುವವರಿಗೆ ಎಐಸಿಟಿಇ ಇಂಟರ್ನ್‌ಶಿಪ್ ಪೋರ್ಟಲ್ ಇದೆ, ಅಲ್ಲಿ ಹೆಸರು ನೋಂದಾಯಿಸಲು ದುಡ್ಡಿಲ್ಲ. ಓದು ಮುಗಿಸಿ ಮನೆಯಲ್ಲಿರುವವರಿಗೆ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. ಅದು 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ 21ರಿಂದ 24 ವರ್ಷದವರಿಗೆ, ಒಂದು ವರ್ಷದ ಅವಧಿಗೆ, ತಿಂಗಳಿಗೆ 5,000 ರೂಪಾಯಿ, ಮತ್ತು ಒಂದೇ ಸಲಕ್ಕೆ 6,000 ರೂಪಾಯಿ ಎಂಬ ನಿಯಮವಿತ್ತು. ಪೂರ್ಣಾವಧಿ ಓದುತ್ತಿದ್ದವರಿಗೆ ಆಗ ಅದು ಸಿಗುತ್ತಿರಲಿಲ್ಲ. ಅರ್ಜಿ ಹಾಕುವ ದಿನ ಪೋರ್ಟಲಿನಲ್ಲಿ ಆಗಿನ ನಿಯಮ ಓದಿಕೊಳ್ಳಿ. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿ ಡಿಪ್ಲೊಮಾ, ಡಿಗ್ರಿ ಮುಗಿಸಿದವರಿಗೆ ಒಂದು ವರ್ಷದ ತರಬೇತಿಯೂ ಇದೆ, ಅದಕ್ಕೆ ನ್ಯಾಟ್ಸ್ ಪೋರ್ಟಲ್.

ಪೋರ್ಟಲ್ಲುಗಳನ್ನೇ ನಂಬಿ ಕೂರಬೇಡಿ. ನಮ್ಮ ಜಿಲ್ಲೆಯೊಳಗೇ ಎಷ್ಟು ಬಾಗಿಲು ಇವೆ ನೋಡಿ: ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಎನ್‌ಟಿಪಿಸಿ ಸ್ಥಾವರ, ಆಲಮಟ್ಟಿಯಲ್ಲಿ ಆಣೆಕಟ್ಟು, ಹಿಟ್ನಳ್ಳಿಯಲ್ಲಿ ಕೃಷಿ ಕಾಲೇಜು, ಗೋಳಗುಮ್ಮಟದ ಆವರಣದಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ, ಊರತುಂಬ ಆಸ್ಪತ್ರೆ, ಬ್ಯಾಂಕು, ಪತ್ರಿಕಾ ಕಚೇರಿ. ಇತಿಹಾಸ ಓದುವ ಮಗಳಿಗೆ ಬೆಂಗಳೂರಿಗೆ ಹೋಗಲು ಮನೆಯಲ್ಲಿ ಒಪ್ಪದಿದ್ದರೆ ಮೊದಲ ಅರ್ಜಿ ಇಲ್ಲೇ ಹಾಕಬಹುದು. ಕಾಲೇಜಿನಿಂದ ಪರಿಚಯದ ಪತ್ರ ತೆಗೆದುಕೊಂಡು, ರೆಸ್ಯೂಮೆಯ ಜೊತೆಗಿಟ್ಟು, ಕಚೇರಿಗೆ ಹೋಗಿ ಕೇಳಿ. ಆಗುವುದಿಲ್ಲ ಅಂದರೆ ನಮಸ್ಕಾರ ಹೇಳಿ ಬನ್ನಿ, ಮುಂದಿನ ಬಾಗಿಲಿಗೆ ಹೋಗಿ.

ಒಂದು ಎಚ್ಚರ. ಇಂಟರ್ನ್‌ಶಿಪ್ ಕೊಡಲು ನೋಂದಣಿ ಶುಲ್ಕ, ಟ್ರೇನಿಂಗ್ ಫೀ, ಲ್ಯಾಪ್‌ಟಾಪ್ ಠೇವಣಿ ಅಂತ ಯಾರಾದರೂ ಫೋನ್‌ಪೇ ಮಾಡಲು ಹೇಳಿದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಆ ಮೆಸೇಜನ್ನು ಮನೆಯವರಿಗೆ, ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗೆ ತೋರಿಸಿ. ದೂರದ ಊರಿನ ಇಂಟರ್ನ್‌ಶಿಪ್ ಒಪ್ಪುವ ಮೊದಲು ಕಂಪನಿಯ ಪತ್ರದಲ್ಲಿ ಸ್ಥಳ, ಅವಧಿ, ಸ್ಟೈಪೆಂಡು, ನಿಮ್ಮ ಮೇಲಿನವರು ಯಾರು ಎಂಬುದು ಇದೆಯೋ ನೋಡಿ. ಅಪ್ಪ–ಅವ್ವನ ಮುಂದೆ ಆ ಪತ್ರವನ್ನು ಓದಿ ಹೇಳಿ. ಎಲ್ಲಿ ಇರುತ್ತೀ, ಯಾರ ಜೊತೆ ಇರುತ್ತೀ ಅಂತ ಅವರು ಕೇಳುವುದು ನಿಮ್ಮನ್ನು ತಡೆಯಲಿಕ್ಕಲ್ಲ. ಬಾಯಿಮಾತಿಗಿಂತ ಕಾಗದ ಕೈಗೆ ಸಿಕ್ಕರೆ ಅವರ ಅರ್ಧ ಚಿಂತೆ ಇಳಿಯುತ್ತದೆ.

ಕೊನೆಯದಾಗಿ, ರೆಸ್ಯೂಮೆಯ ಅಡಿಯಲ್ಲಿ ನಿಮ್ಮನ್ನು ಬಲ್ಲವರು ಅಂತ ಇಬ್ಬರ ಹೆಸರು ಕೇಳುವವರು ಇದ್ದಾರೆ. ಪಾಠ ಹೇಳಿದ ಒಬ್ಬ ಮೇಷ್ಟ್ರು, ಕೆಲಸ ನೋಡಿದ ಒಬ್ಬರು ಸಾಕು. ಕೆಲಸ ನೋಡಿದವರು ಸೊಸೈಟಿಯ ಕಾರ್ಯದರ್ಶಿಯಾದರೂ ಸರಿ, ನೀವು ದುಡಿದ ಶೆಡ್ಡಿನ ಮಾಲೀಕರಾದರೂ ಸರಿ. ಅವರನ್ನು ಕೇಳದೆ ಹೆಸರು ಹಾಕಬೇಡಿ. ಮನೆಗೆ ಹೋಗಿ, ಯಾವ ಕಂಪನಿ, ಯಾವ ಕೆಲಸ ಅಂತ ತಿಳಿಸಿ, ರೆಸ್ಯೂಮೆಯ ಒಂದು ಪ್ರತಿ ಕೊಟ್ಟು ಬನ್ನಿ. ಆ ಕಡೆಯಿಂದ ಫೋನು ಬಂದಾಗ ಅವರು ಆ ಹಾಳೆ ನೋಡಿಕೊಂಡು ಮಾತಾಡುತ್ತಾರೆ. ನನ್ನ ಹೆಸರು ಬರೆಯುವುದಾದರೂ ಹೀಗೇ, ಸಂಜೆ ಹೊತ್ತು ಹಾಳೆ ಹಿಡಿದುಕೊಂಡು ಬನ್ನಿ. ಕೂತು ಓದೋಣ, ಮಾರ್ಕ್ಸ್‌ಕಾರ್ಡೂ ಜೊತೆಗಿರಲಿ.